ನಾಲ್ಕನೆಯ ಷರತ್ತು

ಪುಣೆಯ ಒಂದು ಕನ್ನಡ ಶಾಲೆಯಲ್ಲಿ ಇತಿಹಾಸ ಕಲಿಸುವವಳು ನಾನು. ಮೊದಲ ಮಹಾಯುದ್ಧದಲ್ಲಿ ಸೋತ ಜರ್ಮನಿಯ ಮೇಲೆ ಗೆದ್ದವರು ಹೇರಿದ ಒಪ್ಪಂದವನ್ನು ವರ್ಷ ವರ್ಷವೂ ಗಿಳಿಪಾಠದಂತೆ ಒಪ್ಪಿಸುತ್ತಿದ್ದೆ. ನೆಲ ಕಿತ್ತುಕೊಂಡರು, ಸೈನ್ಯ ಮೊಟಕು ಮಾಡಿದರು, ದಂಡ ಹಾಕಿದರು, ಯುದ್ಧದ ತಪ್ಪೆಲ್ಲ ನಮ್ಮದೇ ಎಂದು ಬರೆಸಿಕೊಂಡರು. ನಾಲ್ಕು ಷರತ್ತು, ನಾಲ್ಕು ಅಂಕ. ಕೊನೆಯದು ಮರೆತರೂ ಮೂರು ಬರುತ್ತವೆ ಎಂದು ಮಕ್ಕಳಿಗೆ ಧೈರ್ಯ ಬೇರೆ ಹೇಳುತ್ತಿದ್ದೆ. ನನ್ನ ಬುದ್ಧಿಗಿಷ್ಟು!

ಆ ವರ್ಷ ದಸರೆಗೆ ಎರಡು ದಿನ ಇರುವಾಗ ನಮ್ಮವರು ಭೋಸರಿಯಿಂದ ಒಂದು ಕಾಗದ ತಂದರು. ಅಲ್ಲಿನ ಕಾರ್ಖಾನೆಯೊಂದರಲ್ಲಿ ಅವರು ಲೇತ್ ಮಷಿನ್ ನಡೆಸುತ್ತಿದ್ದರು. ಕೆಲಸಗಾರರ ಮುಷ್ಕರಕ್ಕೆ ಅವರೇ ಮುಂದಾಳು. ಎರಡು ತಿಂಗಳು ಗೇಟಿನ ಹೊರಗೆ ಕೂತು ಎಲ್ಲರೂ ಸೋತಿದ್ದರು. ಕಾಗದ ಮಾಲೀಕರು ಬರೆದ ರಾಜಿಪತ್ರ. ಸಂಘದ ಬೋರ್ಡು ಇಳಿಸಬೇಕು. ಮುಷ್ಕರದ ದಿನಗಳನ್ನು ರಜೆಯಿಂದ ಕಳೆಯುತ್ತಾರೆ. ಮುಂದಾಳಿಗೆ ಕೆಲಸವಿಲ್ಲ, ಉಳಿದವರು ಒಳಗೆ ಬರಬಹುದು. ನಾಲ್ಕನೆಯದು, ಆದದ್ದಕ್ಕೆಲ್ಲ ತಪ್ಪು ನಮ್ಮದೇ ಎಂದು ಎಲ್ಲರ ಪರವಾಗಿ ಮುಂದಾಳಿನ ಸಹಿ.

ಓದಿ ನನ್ನ ಮೈ ಉರಿಯಿತು.

"ಮೂರು ಒಪ್ಕೋರಿ. ಇದೊಂದಕ್ಕ ಸಹಿ ಹಾಕಬ್ಯಾಡ್ರಿ," ಎಂದೆ.

"ನನ್ನ ಕೆಲಸಂತೂ ಹೋತು. ಉಳಿದವರ ಹೊಟ್ಟಿ ಮ್ಯಾಲೆ ಯಾಕ ಹೊಡೀಲಿ?"

"ಸಹಿ ಹಾಕಿದ್ರ ದಿನಾ ತಲಿ ಬಗ್ಗಿಸಿ ದುಡಿಯೂದು ಅವರೇ ಅಲ್ರಿ? ಜರ್ಮನಿಯವರಿಗೂ ಈ ಸಾಲೇ ಭಾಳ ಚುಚ್ಚಿತು. ಇಪ್ಪತ್ತು ವರ್ಷಕ್ಕ ಮತ್ತೊಂದು ಯುದ್ಧ ಆತು."

ಅವರು ಕಾಗದ ಮಡಚಿ ಜೇಬಿಗಿಟ್ಟುಕೊಂಡರು.

ಮರುದಿನ ಖಂಡೇಪೂಜೆ, ಅಂದರೆ ಆಯುಧಪೂಜೆ. ಯಾವ ಮಷಿನ್ನು ಯಾರ ಕೈಯಲ್ಲಿ ಓಡುತ್ತದೋ ಅವರೇ ಅದಕ್ಕೆ ಕುಂಕುಮ ಹಚ್ಚಬೇಕೆಂಬುದು ಆ ಕಾರ್ಖಾನೆಯ ರೂಢಿ. ಮಾಲೀಕರು ನಮ್ಮ ವಿಜಯಪುರದ ಕಡೆಯವರು, ಅದನ್ನು ಒಂದು ವರ್ಷವೂ ತಪ್ಪಿಸಿದವರಲ್ಲ. ಪೂಜೆಗೆ ಮನೆಯವರೂ ಹೋಗುವುದುಂಟು, ನಾನೂ ಹೋದೆ. ಕೆಲಸಗಾರರೆಲ್ಲ ಮಡಿ ಅಂಗಿ ತೊಟ್ಟು ಗೇಟಿನಲ್ಲಿ ನಿಂತಿದ್ದರು. ನಮ್ಮವರು ಅಲ್ಲಿಗೆ ಬಂದ ಮಾಲೀಕರ ಕೈಗೆ ಕಾಗದ ಕೊಟ್ಟರು. ಮೂರು ಷರತ್ತಿನ ಮುಂದೆ ಸಹಿ ಇತ್ತು, ನಾಲ್ಕನೆಯದರ ಮುಂದೆ ಇರಲಿಲ್ಲ.

"ಇದ್ಯಾಕ ಬಿಟ್ರಿ?" ಎಂದರು ಮಾಲೀಕರು.

"ತಪ್ಪಿತಸ್ಥರ ಕೈಲೆ ಪೂಜಿ ಮಾಡಸ್ತೀರೇನ್ರಿ? ಆ ಸಾಲು ಇದ್ರ ನಾವ್ಯಾರೂ ಕುಂಕುಮ ಮುಟ್ಟೂದಿಲ್ಲ."

ಮಾಲೀಕರು ಹೂವಿನ ತಟ್ಟೆ ನೋಡಿದರು, ನಿಂತೇ ಇದ್ದ ಮಷಿನ್ನುಗಳನ್ನು ನೋಡಿದರು. ಕೊನೆಗೆ ಪೆನ್ನು ತೆಗೆದು ಆ ಸಾಲನ್ನು ಹೊಡೆದುಹಾಕಿದರು. ಉಳಿದ ಮೂರಕ್ಕೆ ಪೆನ್ನು ತಾಗಿಸಲಿಲ್ಲ.

ನಮ್ಮವರು ಒಳಗೆ ಹೋಗಿ ತಮ್ಮ ಲೇತನ್ನು ಒರೆಸಿದರು, ಕುಂಕುಮ ಹಚ್ಚಿದರು, ಚೆಂಡುಹೂವಿನ ಮಾಲೆ ಹಾಕಿದರು. ಆಮೇಲೆ ಒಬ್ಬರೇ ಹೊರಗೆ ಬಂದರು. ಹಿಂದೆ ಮಷಿನ್ನುಗಳು ಒಂದೊಂದಾಗಿ ಶುರುವಾದವು. ನನಗೆ ಅಳು ತಡೆಯಲಾಗಲಿಲ್ಲ.

ಬಸ್ ಸ್ಟಾಪಿನಲ್ಲಿ ಅವರು ಕೆಂಪಾದ ಬೆರಳು ನೋಡಿಕೊಳ್ಳುತ್ತ ಹೇಳಿದರು, "ಪಾಪ, ಆ ಜರ್ಮನಿಯವರಿಗೆ ಖಂಡೇಪೂಜಿ ಇರಲಿಲ್ಲ, ನೋಡು."

ಈಗ ತರಗತಿಯಲ್ಲಿ ನಾಲ್ಕನೆಯ ಷರತ್ತನ್ನೇ ಮೊದಲು ಹೇಳುತ್ತೇನೆ.