ಹಾಸಿಗೆಯ ಪಕ್ಕದ ಪರೀಕ್ಷೆ

ಶಹಾಬಾದಿಗೆ ಬಂದ ಮೊದಲ ಸಂಜೆ ಮನೆಯೊಡತಿ ಶರಣಮ್ಮನವರು ನನ್ನ ಕೋಣೆಗೆ ಬಂದು, ನಾನು ಹಾಸಿಗೆ ಬಿಡಿಸಬೇಕೆಂದಿದ್ದ ಜಾಗದಲ್ಲೇ ಒಂದು ಕೊಡ ನೀರು ಸುರಿದರು. ನಾನು ಹಾಸಿಗೆಯನ್ನು ಎದೆಗೆ ಅವಚಿಕೊಂಡು ನಿಂತೆ. ನೀರು ನೋಡುತ್ತಿದ್ದಂತೆಯೇ ಆರಿತು. ಅವರು ಇನ್ನೊಂದು ಕೊಡ ತಂದರು. ಹೀಗೆ ಮಾಡದಿದ್ದರೆ ಬೇಸಿಗೆಯಲ್ಲಿ ಇಲ್ಲಿ ನಿದ್ದೆ ಹತ್ತುವುದಿಲ್ಲವಂತೆ. ನೆಲ, ಚಾವಣಿ, ಗೋಡೆಯ ಗೂಡು, ಹಿತ್ತಲ ಬೇಲಿ, ಎಲ್ಲವೂ ಚಪ್ಪಡಿ ಕಲ್ಲು. ಇಲ್ಲಿಯವರು ಅದನ್ನು ಫರಸಿ ಅನ್ನುತ್ತಾರೆ. ಹಗಲೆಲ್ಲ ಕಾದ ಆ ಕಲ್ಲು ಕತ್ತಲಾದ ಮೇಲೂ ಬಿಸಿಯನ್ನು ಬಿಡುವುದಿಲ್ಲ. ಮಂಡ್ಯದ ನಮ್ಮ ಮನೆಯ ಸಗಣಿ ಸಾರಿಸಿದ ನೆಲವನ್ನು ನೆನೆದು ಅಂದು ಅತ್ತುಬಿಟ್ಟೆ.

ಮೈಸೂರು ರಾಜ್ಯಕ್ಕೆ ಕರ್ನಾಟಕವೆಂದು ಹೆಸರು ಬಂದ ಹೊಸತು. ಒಂದೇ ರಾಜ್ಯ, ಒಂದೇ ಭಾಷೆ ಎಂದುಕೊಂಡು ಬಂದಿದ್ದೆ. ಇಲ್ಲಿನ ಆಸ್ಪತ್ರೆಗೆ ಸೇರಿದ ಸಣ್ಣ ತರಬೇತಿ ಶಾಲೆಯಲ್ಲಿ ನರ್ಸ್ ಆಗುವ ಹುಡುಗಿಯರಿಗೆ ಪಾಠ ಹೇಳುವುದು ನನ್ನ ಕೆಲಸ. ಆಸ್ಪತ್ರೆಗೆ ಇಲ್ಲಿ ದವಾಖಾನಿ, ಕೋಣೆಗೆ ಖೋಲಿ, ನನಗೆ ಅಕ್ಕೋರು. ನಾನು ಹೇಳಿದ್ದು ಹುಡುಗಿಯರಿಗೆ ಅರ್ಥವಾಗುತ್ತಿತ್ತು, ಅವರು ತಮ್ಮತಮ್ಮಲ್ಲಿ ಆಡಿಕೊಂಡು ನಕ್ಕಿದ್ದು ನನಗೆ ಅರ್ಥವಾಗುತ್ತಿರಲಿಲ್ಲ. ಮುದ್ದೆಯ ಬದಲು ಜೋಳದ ರೊಟ್ಟಿ, ಸೊಪ್ಪಿನ ಸಾರಿನ ಬದಲು ಹುಳಿ ಸೊಪ್ಪಿನ ಪುಂಡಿ ಪಲ್ಲೆ. ರೊಟ್ಟಿ ತಟ್ಟಲು ಕಲಿತದ್ದು ನನ್ನ ಮೊದಲ ಗೆಲುವು. ಶರಣಮ್ಮನವರು ಅಂಕುಡೊಂಕಾದ ಆ ರೊಟ್ಟಿಯನ್ನು ಎತ್ತಿ ಹಿಡಿದು, ಮೈಸೂರಿನ ನಕಾಶೆ ಇದೇ ಏನು ಎಂದು ಕೇಳಿದರು.

ಅವರಿಂದಲೇ ಈ ಊರಿನ ಒಂದು ರೀತಿಯನ್ನೂ ಕಲಿತೆ. ಅವರ ಮಗಳು ಹೆರಿಗೆಗೆ ತವರಿಗೆ ಬಂದಿದ್ದಳು. ಒಂದು ದಿನ ಅವಳ ಪಾದ ಬಾತಿರುವುದನ್ನು ಕಂಡು, ಇದನ್ನು ಹೀಗೇ ಬಿಟ್ಟರೆ ಫಿಟ್ಸ್ ಬರಬಹುದು, ಜೀವಕ್ಕೆ ಅಪಾಯ ಎಂದುಬಿಟ್ಟೆ. ಶರಣಮ್ಮನವರು ನನ್ನ ಮಣಿಕಟ್ಟು ಹಿಡಿದು ಬಾಗಿಲಾಚೆ ಕರೆತಂದರು.

"ಇಂಥ ಮಾತು ಬಸುರಿ ಮುಂದ ಆಡಬಾರದ್ರಿ ಅಕ್ಕೋರೆ. ಹೊರಗ ನನಗ ಹೇಳ್ರಿ. ನಾ ಕೇಳ್ತೀನಿ."

ಹೇಳಿದೆ. ಅಂದು ಸಂಜೆಯೇ ಮಗಳನ್ನು ಆಸ್ಪತ್ರೆಗೆ ಕರೆದೊಯ್ದರು. ಮಾತನ್ನು ಅವರು ಮುಚ್ಚಿಡಲಿಲ್ಲ, ಹೊರಬೇಕಾದವರು ಹೊತ್ತುಕೊಂಡರು, ಅಷ್ಟೆ. ನಮ್ಮ ಆಸ್ಪತ್ರೆಯಲ್ಲೂ ಇದೇ ನಡೆಯುತ್ತಿತ್ತು. ಹೆರಿಗೆ ಕೋಣೆಯಲ್ಲಿ ರಕ್ತ ಹೆಚ್ಚು ಹೋದರೆ ಹುಡುಗಿಯರು ಬಾಯಿ ಬಿಡದೆ ನನ್ನ ತೋಳು ಒತ್ತಿ ಪಡಸಾಲೆಗೆ ಕರೆಯುತ್ತಿದ್ದರು.

ಆ ವರ್ಷವೇ ನರ್ಸ್ ಕೆಲಸದ ಪರವಾನಗಿ ಪರೀಕ್ಷೆಯನ್ನು ಬದಲಾಯಿಸಿದರು. ಮೊದಲು ಬರೆದರೆ ಸಾಕಿತ್ತು, ಬೊಂಬೆಯ ಮೇಲೆ ಮಾಡಿ ತೋರಿಸಿದರೆ ಸಾಕಿತ್ತು. ಈಗ ನಿಜವಾದ ಗರ್ಭಿಣಿಯ ಹಾಸಿಗೆಯ ಪಕ್ಕದಲ್ಲಿ ನಿಂತು, ಈಕೆಗೆ ಏನೇನು ಅಪಾಯ ಬರಬಹುದೆಂದು ಗಟ್ಟಿಯಾಗಿ ಹೇಳಬೇಕು. ಮೊದಲ ಸಲ ನಮ್ಮ ಹುಡುಗಿಯರಲ್ಲಿ ಯಾರೂ ತುಟಿ ಬಿಚ್ಚಲಿಲ್ಲ. ಎಲ್ಲರೂ ನಪಾಸಾದರು. ವಿಷಯಜ್ಞಾನವಿಲ್ಲ ಎಂದು ವರದಿ ಬಂತು. ಎರಡನೆಯ ಸಲವೂ ನಪಾಸಾದರೆ ಶಾಲೆಯಿಂದ ಹೆಸರು ತೆಗೆದುಹಾಕುತ್ತಾರೆ.

ಅವರಲ್ಲಿ ನೀಲಮ್ಮ ಎಂಬವಳು ಚಿಂಚೋಳಿ ಕಡೆಯ ಹಳ್ಳಿಯವಳು. ಗಂಡ ಇನ್ನೊಬ್ಬಳನ್ನು ಕಟ್ಟಿಕೊಂಡು ಇವಳನ್ನು ಅಣ್ಣನ ಮನೆಗೆ ಅಟ್ಟಿದ್ದ. ಅಣ್ಣನ ಹೆಂಡತಿ ಇವಳಿಗೆ ಊಟ ಬಡಿಸುವಾಗ ಮುಖ ತಿರುಗಿಸುತ್ತಿದ್ದಳಂತೆ. ನರ್ಸ್ ಆಗದಿದ್ದರೆ ಮತ್ತೆ ಆ ಮನೆಗೇ ಹೋಗಬೇಕು. ತರಗತಿಯ ಬಾಗಿಲು ಹಾಕಿ, ಬೆಂಚಿನ ಮೇಲೆ ಗರ್ಭಿಣಿಯ ಬದಲು ದಿಂಬು ಮಲಗಿಸಿ ದಿನವೂ ಅಪಾಯಗಳನ್ನು ಹೇಳಿಸಿದೆ. ನೀಲಮ್ಮ ತಡವರಿಸದೆ ಎಲ್ಲವನ್ನೂ ಹೇಳುತ್ತಿದ್ದಳು. ಹೇಳಿ ಮುಗಿಸಿ, "ದಿಂಬಿಗಿ ಹೇಳಿದ್ರ ಏನ್ ಆಗ್ತದ್ರಿ ಅಕ್ಕೋರೆ" ಎನ್ನುತ್ತಿದ್ದಳು. ನನಗೆ ಅದು ನಗುವ ಮಾತಾಗಿರಲಿಲ್ಲ.

ಎರಡನೆಯ ಸಲದ ಪರೀಕ್ಷೆಗೆ ಪರೀಕ್ಷಕಿ ಬೆಂಗಳೂರಿನಿಂದ ಬಂದರು. ಕೆಟ್ಟವರಲ್ಲ. ಎಲ್ಲೋ ಒಂದು ಆಸ್ಪತ್ರೆಯಲ್ಲಿ ನರ್ಸ್ ಹೇಳಲು ಹಿಂಜರಿದು ತಾಯಿ ತೀರಿಕೊಂಡದ್ದನ್ನು ತಾವೇ ಕಂಡಿದ್ದಾಗಿ ಚಹಾ ಕುಡಿಯುವಾಗ ನನಗೆ ಹೇಳಿದರು. ಚಹಾ ಮುಗಿಸಿ ವಾರ್ಡಿಗೆ ಹೋದೆವು. ಹಾಸಿಗೆಯಲ್ಲಿದ್ದವಳು ಕಲ್ಲುಗಣಿಯ ಕೆಲಸಗಾರನ ಹೆಂಡತಿ ಮಹಬೂಬಿ, ಹಲವು ಮಕ್ಕಳನ್ನು ಹೆತ್ತವಳು. ಉಳಿದ ಹುಡುಗಿಯರು ಅತ್ತ ನೋಡಿ ಇತ್ತ ನೋಡಿ, ಗೊಣಗಿದಂತೆ ಹೇಳಿ ಪಾರಾದರು. ನೀಲಮ್ಮ ನಾಡಿ ನೋಡಿದಳು, ಹೊಟ್ಟೆ ಮುಟ್ಟಿ ಮಗುವಿನ ತಲೆ ಎಲ್ಲಿದೆಯೆಂದು ಸರಿಯಾಗಿ ಹೇಳಿದಳು. ಅಪಾಯದ ಪ್ರಶ್ನೆ ಬಂದಾಗ ಬಾಗಿಲ ಕಡೆ ತಿರುಗಿದಳು.

"ಹೊರಗ ಬರ್ರಿ ಮೇಡಂ, ಎಲ್ಲಾ ಹೇಳ್ತೀನಿ."

ಇಲ್ಲೇ ಹೇಳಬೇಕು, ನಿಯಮ ಹಾಗಿದೆ ಎಂದರು ಪರೀಕ್ಷಕಿ. ಮತ್ತೊಮ್ಮೆ ಕೇಳಿದರು. ಅಷ್ಟರಲ್ಲಿ ಮಹಬೂಬಿಯೇ ತಲೆ ಎತ್ತಿದಳು.

"ಹೇಳು ಬೇಟಿ. ಪಾಸಾಗು. ನಾ ಕಿವಿ ಮುಚ್ಕೋತೀನಿ."

ಹೇಳಿದಂತೆಯೇ ಸೆರಗು ಸುತ್ತಿ ಎರಡೂ ಕಿವಿ ಒತ್ತಿ ಹಿಡಿದು ಕಣ್ಣು ಮುಚ್ಚಿದಳು. ಗೋಡೆಯ ಬಳಿ ನಿಂತಿದ್ದ ನಾನು, ಹೇಳು ತಾಯಿ, ಹೇಳಿಬಿಡು ಎಂದು ಒಳಗೊಳಗೇ ಬೇಡಿಕೊಂಡೆ.

ನೀಲಮ್ಮ ಅವಳ ಹೊಟ್ಟೆಯನ್ನು ನೋಡಿದಳು. "ಇಕಿ ಕಿವಿ ಮುಚ್ಚಿದ್ರೂ, ಒಳಗಿನ ಕೂಸಿಗಿ ಕೇಳ್ತದಲ್ರಿ ಮೇಡಂ" ಎಂದಳು.

ಪರೀಕ್ಷಕಿ ಪೆನ್ನಿನ ಮುಚ್ಚಳ ಹಾಕಿದರು. ನಾನು ಅವರ ಹಿಂದೆ ಪಡಸಾಲೆಯುದ್ದಕ್ಕೂ ಹೋಗಿ ಬೇಡಿಕೊಂಡೆ. ಅವರು ನನ್ನ ಊರು ಕೇಳಿ, "ನೀವು ನಮ್ಮ ಕಡೆಯವರೇ. ನಿಮಗಾದರೂ ಅರ್ಥವಾಗಬೇಕಿತ್ತು" ಎಂದರು.

ನಪಾಸಾದ ನೀಲಮ್ಮ ಟ್ರಂಕು ಹಿಡಿದು ಅಣ್ಣನ ಮನೆಗೆ ಹೊರಟಳು. ಪಾಸಾದವರಲ್ಲಿ ಒಬ್ಬಳು ಚಿತ್ತಾಪುರಕ್ಕೆ, ಒಬ್ಬಳು ಸೇಡಂಗೆ ಕೆಲಸಕ್ಕೆ ಹೋದರು. ರಜೆಯಲ್ಲಿ ನಾನು ಮಂಡ್ಯಕ್ಕೆ ಬಂದಿದ್ದೆ. ಬಸುರಿಯಾಗಿದ್ದ ತಂಗಿಗೆ ಡಾಕ್ಟರು ಹೇಳಿದ ಅಪಾಯಗಳನ್ನು ಮನೆಯವರೆಲ್ಲ ಅವಳೆದುರಿಗೇ ಎಣಿಸುತ್ತ ಊಟ ಮಾಡುತ್ತಿದ್ದರು. ನಾನು ತಟ್ಟೆ ಬಿಟ್ಟು ಎದ್ದು ಹೊರಗೆ ಬಂದೆ. "ನೀನು ಅಲ್ಲಿಯೋಳೇ ಆಗ್ಬುಟ್ಟೆ ಕಣಕ್ಕ" ಎಂದಳು ತಂಗಿ. ಅಲ್ಲಿಯವರು ನನ್ನನ್ನು ಇಂದಿಗೂ ಮೈಸೂರು ಕಡೆ ಅಕ್ಕೋರು ಅನ್ನುತ್ತಾರೆ.

ಮಳೆಗಾಲ ಮುಗಿಯುವ ಹೊತ್ತಿಗೆ ನೀಲಮ್ಮ ಮತ್ತೆ ಆಸ್ಪತ್ರೆಗೆ ಬಂದಳು, ಅಣ್ಣನ ಹೆಂಡತಿಯನ್ನು ಹೆರಿಗೆಗೆ ಕರೆದುಕೊಂಡು. ಮಗು ಹುಟ್ಟಿತು, ಮಾಸು ಬೀಳಲಿಲ್ಲ, ರಕ್ತ ನಿಲ್ಲಲಿಲ್ಲ. ಡಾಕ್ಟರು ಪಕ್ಕದ ಊರು ವಾಡಿಗೆ ಹೋಗಿದ್ದರು, ಜೀಪು ಕಳಿಸಿದ್ದೆವು. ಆ ಹೊತ್ತಿಗೆ ಒಳಗಿದ್ದವರು ನಾನು ಮತ್ತು ಹೊಸದಾಗಿ ಸೇರಿದ ಒಬ್ಬ ಹುಡುಗಿ. ಅವಳಿಗೆ ಹೊಟ್ಟೆ ಒತ್ತಿ ಹಿಡಿಯಲು ಹೇಳಿ, ಮನೆಯವರಿಗೆ ತಿಳಿಸಲು ನಾನು ಪಡಸಾಲೆಗೆ ಬಂದೆ. ನೀಲಮ್ಮ ನನ್ನ ಮುಖ ನೋಡಿದಳು. ನಾನು ಹೇಳುವ ಮೊದಲೇ ತಗ್ಗಿದ ದನಿಯಲ್ಲಿ ಅವಳೇ ಹೇಳತೊಡಗಿದಳು. ಮಾಸು ಉಳಿದರೆ ಏನಾಗುತ್ತದೆ, ನಾಡಿ ಹೇಗೆ ಇಳಿಯುತ್ತದೆ, ಕೈಕಾಲು ಯಾವಾಗ ತಣ್ಣಗಾಗುತ್ತವೆ, ಆಮೇಲೆ ಏನು. ಒಂದನ್ನೂ ಬಿಡಲಿಲ್ಲ. ಕೊನೆಯ ಮಾತನ್ನೂ ಹೇಳಿದಳು.

"ನಾ ಒಳಗ ಬರ್ಲೇನ್ರಿ ಅಕ್ಕೋರೆ? ಇನ್ನೊಂದು ಕೈ ಬೇಕಲ್ರಿ."

ಬೇಕಿತ್ತು. ಪರವಾನಗಿ ಇಲ್ಲದವರು ಹೆರಿಗೆ ಕೋಣೆಯೊಳಗೆ ಕಾಲಿಡಬಾರದೆಂದು ಹೊಸ ಹುಡುಗಿಗೆ ಅಂದು ಬೆಳಿಗ್ಗೆಯಷ್ಟೇ ಪಾಠ ಮಾಡಿದ್ದೆ. ಒಳಗಿನಿಂದ ಅವಳು ನನ್ನನ್ನು ಕರೆಯುತ್ತಿದ್ದಳು. ನೀಲಮ್ಮ ಆಗಲೇ ಬಳೆ ಮೇಲಕ್ಕೆ ಸರಿಸಿ, ತೊಳೆಯಲು ಸಿದ್ಧವಾಗಿ ಕೈಗಳನ್ನು ಮುಂದೆ ಹಿಡಿದಿದ್ದಳು. ನಾನು ಯಾವ ಕಡೆಯವಳೆಂದು ಅವು ಕೇಳುತ್ತಿರುವಂತೆ ಕಂಡಿತು. ಬಾಗಿಲ ಪಕ್ಕದ ನಲ್ಲಿಯ ಬಳಿಯಿದ್ದ ಸೋಪಿನ ತಟ್ಟೆಯನ್ನು ಅವಳ ಕಡೆಗೆ ಸರಿಸಿದೆ.