ಗೇಣಿನಲ್ಲಿ ಅಳೆದ ಗೌರಿ

ಮೊನ್ನೆ ದೇವನಹಳ್ಳಿ ಪೇಟೆಯಲ್ಲಿ ಕಡಲೆಕಾಯಿ ಹಿಂಡಿಯ ವಾಸನೆ ಮೂಗಿಗೆ ಬಡಿಯಿತು ನೋಡಿ, ನಡುರಸ್ತೆಯಲ್ಲೇ ನಿಂತುಬಿಟ್ಟೆ. ಹಿಂದೆ ಬಂದ ಸ್ಕೂಟರಿನವನು ಬೈದ. ಬೈಯಲಿ ಬಿಡಿ, ಗೌರಿ ನೆನಪಾದರೆ ನನಗೆ ರಸ್ತೆ ಕಾಣುವುದಿಲ್ಲ.

ಗೌರಿ ನಮ್ಮತ್ತೆಯ ಹಸು. ವಿಮಾನ ನಿಲ್ದಾಣಕ್ಕೆ ಹೊಲ ಹೋದ ಮೇಲೆ ಮನೆಯಲ್ಲಿ ಉಳಿದಿದ್ದ ಒಂದೇ ದನ. ಹೊಸ ಸೊಸೆಯಾದ ನಾನು ಆಗ ಪೇಟೆಯ ಒಂದು ಸ್ಟುಡಿಯೋದಲ್ಲಿ ಕಂಪ್ಯೂಟರಿನೊಳಗೆ ಪ್ರಾಣಿ ಮಾಡುವ ವಿದ್ಯೆ ಕಲಿಯುತ್ತಿದ್ದೆ. ಮಣ್ಣಿನ ಗೊಂಬೆ ಮಾಡಿದ ಹಾಗೆಯೇ, ಕೈ ಕೊಳೆಯಾಗುವುದಿಲ್ಲ ಅಷ್ಟೆ. ಸುತ್ತ ತಿರುಗಿಸಿ ನೋಡಬಹುದು, ನಡೆಸಲೂಬಹುದು. "ಮಲಗಿರೋ ಹಸು ಎದ್ದು ನಿಲ್ಬೇಕು. ಚೆನ್ನಾಗಿ ಬಂದ್ರೆ ಇಲ್ಲೇ ಕೆಲಸ" ಎಂದಿದ್ದರು ಕಲಿಸುವ ಸರ್. ಆ ಕೆಲಸ ಬೇಕೇಬೇಕು ಎಂದು ನನಗೆ ಹಟ. ಹಸು ತಾನೇ, ದಿನಾ ನೋಡುತ್ತೇನಲ್ಲ! ಮೌಸ್ ಹಿಡಿದು ಕೂತಾಗ ಕಿವಿ ಇರುವುದು ಕೊಂಬಿನ ಮೇಲೋ ಕೆಳಗೋ ಎಂದೇ ಹೊಳೆಯಲಿಲ್ಲ.

ಸರಿ, ಟೇಪ್ ಹಿಡಿದು ಕೊಟ್ಟಿಗೆಗೆ ಹೋದೆ. ಬಾಲದಿಂದ ಶುರು ಮಾಡಿದ್ದೆನಷ್ಟೆ, ಅತ್ತೆ ಓಡಿಬಂದು ಕಿತ್ತುಕೊಂಡರು.

"ಟೇಪ್ ಹಿಡ್ಕೊಂಡು ಬಂದ್ರು, ಹೊಲ ಹೋಯ್ತು. ಈಗ ಇವಳನ್ನೂ ಅಳೀತಿದ್ದೀಯೇನೇ? ಯಾರಿಗ್ ಕೊಡಕ್ಕೆ?"

"ಅಯ್ಯೋ, ಕಂಪ್ಯೂಟರ್‌ಗೆ ಅತ್ತೆ!"

"ಅದು ಹುಲ್ಲು ಹಾಕುತ್ತಾ?"

ದೇವರಾಣೆ ಇಟ್ಟ ಮೇಲೆ ಒಪ್ಪಿದರು. ಆದರೆ ಟೇಪ್ ಮುಟ್ಟುವಂತಿಲ್ಲ, ಅಳೆಯುವವರು ಅವರೇ, ಅದೂ ಗೇಣಿನಲ್ಲಿ. ಕೊಂಬಿನ ಬುಡದಿಂದ ಬಾಲದ ಬುಡಕ್ಕೆ ಒಂಬತ್ತು ಗೇಣು, ಎರಡು ಬೆರಳು. ನಾನು ವಿಧೇಯಳಾಗಿ ಬರೆದುಕೊಂಡೆ.

ಅಂತೂ ಹಸುವಾಯಿತು. ಗೌರಿಯ ಹಾಗೆ ಹಿಂಗಾಲು ಮೊದಲೆತ್ತಿ ಎದ್ದಿತು. ಸರ್ ಸಿಟಿಯಲ್ಲಿ ಬೆಳೆದವರು. "ಉಲ್ಟಾ ಎದ್ದಿದೆಯಲ್ಲ ಮೇಡಂ! ಮುಂಗಾಲು ಮೊದ್ಲು ಬರ್ಬೇಕು. ಕುದುರೆ ನೋಡಿಲ್ವಾ?" ಎಂದರು. ನನ್ನ ಧೈರ್ಯ ಎಂಥದ್ದು ಅಂತೀರಾ? ಬಾಯಿ ಮುಚ್ಚಿಕೊಂಡು ಬದಲಾಯಿಸಿದೆ.

ಕೊನೆಯ ದಿನ "ನನ್ನ ಗೌರೀನ ನೋಡ್ಬೇಕು" ಎಂದು ಅತ್ತೆಯೂ ಹೊಸ ಸೀರೆ ಉಟ್ಟು ಬಂದರು. ಪರದೆಯ ಮೇಲೆ ಹಸು ಮುಂಗಾಲೂರಿ ಎದ್ದಿತು. ಎಲ್ಲರೂ ಚಪ್ಪಾಳೆ ತಟ್ಟಿದರು. ಅತ್ತೆ ನನ್ನ ಮುಖ ನೋಡಿದರು.

"ಇದು ಗೌರಿ ಅಲ್ಲ ಕಣೇ."

ಅಷ್ಟೆಂದವರೇ ಸೆರಗು ಸಿಕ್ಕಿಸಿ ನೆಲಕ್ಕಿಳಿದರು! "ನೋಡಪ್ಪಾ ಇಲ್ಲಿ" ಎಂದು ಸರ್‌ಗೆ ಹೇಳಿ, ಮೊಣಕೈ ಊರಿ, ಮೊದಲು ಹಿಂಭಾಗ ಎತ್ತಿದರು. ಆಮೇಲೆ ಒಂದು ಕೈ, ಇನ್ನೊಂದು ಕೈ. ಕ್ಲಾಸಿನವರು ಕಿಸಕ್ಕೆಂದರು. ನನಗೆ ನನ್ನ ಬಗ್ಗೆಯೇ ನಾಚಿಕೆಯಾಗಿ ಹೋಯಿತು.

"ಸರ್, ಅತ್ತೆ ಹೇಳಿದ್ದೇ ಸರಿ. ನಂಗೆ ಗೊತ್ತಿತ್ತು. ಕೆಲಸದ ಆಸೆಗೆ ಬದಲಾಯಿಸಿದೆ" ಎಂದುಬಿಟ್ಟೆ. ಇನ್ನು ಕೆಲಸವಿಲ್ಲ ಎಂದೇ ತೀರ್ಮಾನಿಸಿಕೊಂಡೆ. ಸರ್ ಮುಂದೆ ಬಂದರು. ಬೂಟು ಬಿಚ್ಚಿ, ತಾವೂ ಮೊಣಕೈಯೂರಿದರು. "ಇನ್ನೊಂದ್ಸಲ ತೋರ್ಸೀಮ್ಮಾ."

ಎದ್ದು ಪ್ಯಾಂಟು ಕೊಡವಿಕೊಳ್ಳುತ್ತಾ ನನಗೆ "ಸೋಮವಾರದಿಂದ ಬನ್ನಿ" ಎಂದರು.

ಗೌರಿ ಸತ್ತು ವರ್ಷಗಳಾದವು. ಅತ್ತೆ ಅತ್ತಾರೆಂದು ಹೆದರಿ ನಾನು ಆಮೇಲೆ ತಿದ್ದಿ ಇಟ್ಟಿದ್ದ ಆ ಹಸುವಿನ ಫೈಲು ತೆರೆದಿರಲೇ ಇಲ್ಲ. ಮೊನ್ನೆ ಮನೆಗೆ ಬಂದವಳೇ ಹುಡುಕಿ ಅವರ ಮುಂದಿಟ್ಟೆ. ಗೌರಿ ಹಿಂಗಾಲು ಮೊದಲೆತ್ತಿ ಮೆಲ್ಲಗೆ ಎದ್ದು ನಿಂತಳು. ಅತ್ತೆ ತಮ್ಮ ನಡುಗುವ ಬೆರಳುಗಳನ್ನೊಮ್ಮೆ ನೋಡಿಕೊಂಡರು.

"ಮಲಗ್ಸ್ಬಿಡೇ ಅವಳನ್ನ. ಹಾಲು ಕರೆಯಕ್ಕೆ ನನ್ ಕೈಲಿ ಈಗ ಆಗಲ್ಲ."