ಒಂದು ಗೇಣು ಹಿಂದಕ್ಕೆ

ಕೆಂಪಾಪುರದ ನಮ್ಮ ಮನೆಗೆ ಆಗಿನ್ನೂ ಜಗಲಿ ಇತ್ತು. ಬೆಳಗಿನ ಬಿಸಿಲು ಮೊದಲು ಬರುತ್ತಿದ್ದುದು ಅಲ್ಲಿಗೇ. ಆ ಚಳಿಗಾಲ ನಾನು ಶಾಲೆಗೆ ಹೋಗಲಿಲ್ಲ. ಜಗಲಿಯ ಕಂಬಕ್ಕೆ ಬೆನ್ನು ಕೊಟ್ಟು ಉಸಿರಾಡುವುದನ್ನು ಕಲಿತೆ. ಏಳು ವರ್ಷದ ಹುಡುಗಿಗೆ ಇದಕ್ಕಿಂತ ಅವಮಾನ ಬೇಕೇ?

ಹುಟ್ಟುವಾಗಲೇ ನನ್ನ ಎದೆಗೂ ಹೊಟ್ಟೆಗೂ ನಡುವಿನ ಪರದೆಯಲ್ಲಿ ತೂತಿತ್ತಂತೆ. ಹುಟ್ಟಿದ ವಾರವೇ ಹೊಲಿದಿದ್ದರು. ಏಳನೆಯ ವರ್ಷ ಆ ಹೊಲಿಗೆ ಬಿಟ್ಟು ಮತ್ತೊಮ್ಮೆ ಆಪರೇಷನ್ ಆಯಿತು. ಎಡಗಡೆಯ ಶ್ವಾಸಕೋಶ ಮುದುರಿಕೊಂಡಿದೆ, ಸಂಕ್ರಾಂತಿಯೊಳಗೆ ಅರಳದಿದ್ದರೆ ಮತ್ತೆ ಆಸ್ಪತ್ರೆಗೆ ಸೇರಿಸಬೇಕು ಎಂದು ಡಾಕ್ಟರು ಅಮ್ಮನಿಗೆ ಹೇಳಿದ್ದನ್ನು ಬಾಗಿಲ ಸಂದಿಯಿಂದ ಕೇಳಿಸಿಕೊಂಡಿದ್ದೆ. ಅಂದಿನಿಂದ ನನಗೆ ಎಲ್ಲರ ಮೇಲೂ ಅನುಮಾನ. ಸೋಪಿನ ಗುಳ್ಳೆ ಊದೋಣ ಬಾ ಎಂದರೆ ಅದು ಆಟವಲ್ಲ, ಔಷಧಿ. ಅಪ್ಪ ಪೀಪಿ ತಂದರೆ ಅದೂ ಔಷಧಿ. ಹುಟ್ಟುಹಬ್ಬಕ್ಕೆ ಆರು ತಿಂಗಳಿರುವಾಗ ಮೇಣದಬತ್ತಿ ಹಚ್ಚಿ ಮುಂದಿಟ್ಟರೆ ಯಾವ ಮಗು ನಂಬೀತು?

ಆಸ್ಪತ್ರೆಯವರು ಒಂದು ಪ್ಲಾಸ್ಟಿಕ್ ಡಬ್ಬಿ ಕೊಟ್ಟಿದ್ದರು. ಅದರ ಕೊಳವೆಯನ್ನು ಬಾಯಲ್ಲಿಟ್ಟು ಉಸಿರು ಒಳಗೆಳೆದರೆ ಮೂರು ಚೆಂಡುಗಳು ಒಂದೊಂದಾಗಿ ಮೇಲೇಳಬೇಕು. ಗಾಯ ಜಗ್ಗುತ್ತಿತ್ತು, ನನ್ನದು ಒಂದೇ ಚೆಂಡಿಗೆ ನಿಲ್ಲುತ್ತಿತ್ತು. ಡಬ್ಬಿಯನ್ನು ಸ್ವಲ್ಪ ವಾಲಿಸಿದರೆ ಮೂರೂ ಏಳುತ್ತವೆ ಎಂದು ನಾನೇ ಕಂಡುಹಿಡಿದೆ. ಅಮ್ಮ ಕಣ್ಣೊರೆಸಿಕೊಂಡು ದೇವರಿಗೆ ಕೈಮುಗಿದಳು. ತಾತ ಮಾತ್ರ ವಾಲಿದ ಡಬ್ಬಿಯನ್ನೇ ನೋಡಿದ.

ತಾತ ಯಶವಂತಪುರದ ಮಂಡಿಯಲ್ಲಿ ಕಡಲೆಕಾಯಿ ಸರಕು ಪರೀಕ್ಷೆ ಮಾಡುತ್ತಾ ತಲೆ ಹಣ್ಣು ಮಾಡಿಕೊಂಡವನು. ಯಾವ ಚೀಲವನ್ನೂ ನಂಬಿದವನಲ್ಲ. "ಮೇಲಿನ ಕಾಳು ನೋಡಿ ಚೀಲ ತಗೋಬಾರ್ದು ಕಣಮ್ಮ, ತಳಕ್ಕೆ ಕೈ ಆಕ್ಬೇಕು" ಎನ್ನುತ್ತಿದ್ದ.

ಮರುದಿನ ಬೆಳಿಗ್ಗೆ ಹುರಿದ ಕಡಲೆಬೀಜವನ್ನು ಅಂಗೈಯಲ್ಲಿ ಉಜ್ಜಿ ನನ್ನ ಮುಖದ ಮುಂದೆ ಹಿಡಿದ. ಬಿಸಿ ಬೀಜದ ವಾಸನೆ ಘಮ್ಮೆಂದಿತು.

"ಮಂಡೀಲಿ ಇಂಗೇ ಊದಿ ನೋಡೋದು. ಸಿಪ್ಪೆ ಎಲ್ಲಾ ಓಗ್ಬೇಕು, ಬೀಜ ಅಲ್ಲಾಡ್ಬಾರ್ದು. ಕಲಿಸ್ತೀನಿ, ಊದು."

ಇದು ಔಷಧಿಯಲ್ಲ, ಕಸುಬು. ನಂಬಿಬಿಟ್ಟೆ. ಕೆಂಪು ಸಿಪ್ಪೆ ತಾತನ ಪಂಚೆಯ ತುಂಬ ಹಾರಿತು. ನನಗೆ ಒಂದು ಹಿಡಿ ಬೀಜ, ಜೊತೆಗೆ ಬೆಲ್ಲದ ಚೂರು, ಉಳಿದದ್ದು ಚಟ್ನಿಗೆ. ವಾರಗಟ್ಟಲೆ ಅದೇ ಚಟ್ನಿ ತಿಂದ ಅಪ್ಪ, "ನಾವೇನ್ ಅಳಿಲುಗಳಾ?" ಎಂದು ಗೊಣಗಿದ.

ಮಂಡಿಯವನ ಮೊಮ್ಮಗಳಲ್ಲವೇ, ನಾನೂ ತಳಕ್ಕೆ ಕೈ ಹಾಕಿದೆ. ಮೊದಲ ದಿನ ತಾತನ ಅಂಗೈ ನನ್ನ ಬಾಯಿಗೆ ಒಂದು ಗೇಣು ದೂರವಿತ್ತು. ಒಂದು ಬೆಳಿಗ್ಗೆ ಅಳೆದು ನೋಡಿದರೆ ನಾಲ್ಕು ಗೇಣು! ಮುಂದಕ್ಕೆ ಬಗ್ಗಿದರೆ "ಕಂಬ ಬಿಡ್ಬೇಡ" ಎಂದು ಗದರುತ್ತಿದ್ದ.

"ತಾತ, ಇದೂ ಔಷಧೀನೇ ಅಲ್ವಾ?"

ಬೇರೆ ಯಾರೇ ಆಗಿದ್ದರೂ ಅಲ್ಲವೇ ಅಲ್ಲ ಎನ್ನುತ್ತಿದ್ದರು. ತಾತ ಕೈ ಇಳಿಸಿದ.

"ಹೂಂ ಕಣಮ್ಮ. ಜೋರಾಗಿ ಊದ್ಬೇಕಾದ್ರೆ ಮೊದ್ಲು ಎದೆ ತುಂಬ ಉಸ್ರು ಎಳ್ಕೋಬೇಕಲ್ಲ, ಅದ್ಕೇ."

"ಮೋಸ ಮಾಡ್ದೆ ನೀನು!"

"ನೀನು ಡಬ್ಬಿ ವಾಲಿಸ್ಲಿಲ್ವಾ? ನಿಮ್ಮಮ್ಮನ ಅತ್ರ ನಾನೇನ್ ಚಾಡಿ ಚುಚ್ಚಿದ್ನಾ?"

ಕಳ್ಳರಿಬ್ಬರೂ ಒಂದೊಂದು ಬೀಜ ಬಾಯಿಗೆ ಹಾಕಿಕೊಂಡೆವು. ಆಮೇಲೆ ತಾತ ಮೆಲ್ಲಗೆ ಹೇಳಿದ, "ಸಂಕ್ರಾಂತಿಗೆ ಇನ್ನ ಅನ್ನೊಂದೇ ದಿನ ಐತೆ. ಡಾಕ್ಟ್ರು ಎದೆ ಪರೀಕ್ಷೆ ಮಾಡ್ದಾಗ ಏನನ್ನ ವಾಲಿಸ್ತೀಯ?" ಹೇಳಿದವನೇ ಬೆರಳು ಮಡಚಿ ಆ ದಿನಗಳನ್ನು ಮತ್ತೊಮ್ಮೆ ಎಣಿಸಿದ. ತಾತನಿಗೂ ಭಯವಾಗುತ್ತದೆ ಎಂದು ನನಗೆ ಗೊತ್ತಾದದ್ದು ಆಗಲೇ. ಕಂಬಕ್ಕೆ ಒರಗಿ, ಗಾಯದ ಮೇಲೆ ದಿಂಬು ಒತ್ತಿಕೊಂಡು ಊದಿದೆ. ನೋಯಿತು. ಮತ್ತೆ ಊದಿದೆ.

ಹಬ್ಬದ ಹಿಂದಿನ ದಿನ, ಡಾಕ್ಟರ ಮೇಜಿನ ಮೇಲೆ ನೆಟ್ಟಗೆ ಇಟ್ಟ ಡಬ್ಬಿಯಲ್ಲಿ ಮೂರನೆಯ ಚೆಂಡು ಎದ್ದು ನಿಂತಿತು. ಎದೆಗೆ ಸ್ಟೆತಸ್ಕೋಪ್ ಇಟ್ಟು ಕೇಳಿದ ಡಾಕ್ಟರು, ಆಸ್ಪತ್ರೆ ಬೇಡ, ಶಾಲೆಗೆ ಹೋಗಲಿ ಎಂದರು. ತಾತ ಮಾತ್ರ ಆಗಲೂ ನಂಬಲಿಲ್ಲ. ಡಬ್ಬಿಯ ಅಡಿಗೆ ಬೆರಳು ಸವರಿ, "ಎಲ್ಲಿ, ಇನ್ನೊಂದ್ ಸಲ ಎಳಿ" ಎಂದ.

ತಾತ ಹೋಗಿ ಆರು ವರ್ಷವಾಯಿತು. ಜಗಲಿ ಇದ್ದ ಜಾಗದಲ್ಲಿ ಈಗ ಕಾರು ನಿಲ್ಲುತ್ತದೆ. ಸಿಪ್ಪೆ ತೆಗೆದ ಬೀಜ ಪ್ಯಾಕೆಟ್ಟಿನಲ್ಲೇ ಸಿಗುತ್ತದೆ; ನಾನು ತರುವುದಿಲ್ಲ. ಹುರಿದು, ಉಜ್ಜಿ, ನನ್ನ ಅಂಗೈಯನ್ನು ನಾನೇ ಮುಖದ ಮುಂದೆ ಹಿಡಿದು ಊದುತ್ತೇನೆ. ಸಿಪ್ಪೆ ಸಲೀಸಾಗಿ ಹಾರುತ್ತದೆ. ನನಗೆ ಗೊತ್ತಾಗದಂತೆ ಆ ಕೈಯನ್ನು ಒಂದು ಗೇಣು ಹಿಂದಕ್ಕೆ ಸರಿಸುವವರು ಯಾರೂ ಇಲ್ಲ.